ಕೆಂಗೇರಿ: ನೆಲ, ನೀರು, ಜನ

ಬೆಂಗಳೂರು ಪೇಟೆಯ ಹಳೆಯ ಕೋಟೆಗೆ ಹಲವು ಬಾಗಿಲುಗಳಿದ್ದುವು. ಅವುಗಳ ಹೆಸರುಗಳನ್ನು ನೆನೆದರೆ ಒಂದು ಸಂಗತಿ ಕಂಡುಬರುವುದು. ಹಲಸೂರು ಬಾಗಿಲು, ಯಲಹಂಕದ ಬಾಗಿಲು, ಆನೇಕಲ್ಲು ಬಾಗಿಲು, ಕೆಂಗೇರಿ ಬಾಗಿಲು, ಇವೆಲ್ಲವೂ ತಾವು ನಿಂತ ಸ್ಥಳದ ಹೆಸರನ್ನಲ್ಲ, ತಮ್ಮೆದುರಿನ ದಾರಿ ಸೇರುವ ಊರಿನ ಹೆಸರನ್ನು ಹೊತ್ತಿದ್ದುವು. ಪೇಟೆಯ ಜನರಿಗೆ ಕೆಂಗೇರಿಯೆಂದರೆ ಬಾಗಿಲ ಹೊರಗಣ ಬೇರೊಂದು ಊರು. ಆ ಊರು ಇಂದು ನಗರದ ಒಳಗೇ ಇದೆ. ಹೊರಗಿದ್ದುದು ಒಳಗಾದುದು ಹೇಗೆ, ಹಾಗೆ ಒಳಗಾದಾಗ ಅದು ಪಡೆದುದೇನು, ಕಳೆದುಕೊಂಡುದೇನು ಎಂಬುದನ್ನು ಈ ಭಾಷಣದಲ್ಲಿ ಸ್ವಲ್ಪ ವಿಚಾರ ಮಾಡೋಣ.

ಮೊದಲು ನೆಲದ ಮಾತು. ಬೆಂಗಳೂರು ಒಂದು ದಿಣ್ಣೆಯ ಮೇಲೆ ಕುಳಿತಿರುವ ನಗರ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರ. ಈ ದಿಣ್ಣೆಯ ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಯತ್ತ ಹರಿಯುವುದು. ಪಶ್ಚಿಮಕ್ಕೆ ಬಿದ್ದುದು ಅರ್ಕಾವತಿಯನ್ನು ಸೇರುವುದು. ಪಶ್ಚಿಮದ ಇಳಿಜಾರಿನ ನೀರನ್ನು ಕೂಡಿಸಿಕೊಂಡು ನೈಋತ್ಯಕ್ಕೆ ಸಾಗುವ ಹೊಳೆಯೇ ವೃಷಭಾವತಿ. ಬಸವನಗುಡಿಯ ದೊಡ್ಡ ಬಸವನ ಪಾದದಡಿಯಲ್ಲಿ ಇದು ಹುಟ್ಟಿತೆಂದು ಜನರ ನಂಬಿಕೆ. ಹೆಸರೂ ಅದರಿಂದಲೇ ಬಂದಿತೆನ್ನುವರು. ನಗರದ ಮಧ್ಯದಿಂದ ಸುಮಾರು 15 ಕಿಲೋಮೀಟರು ದೂರದಲ್ಲಿ, ಈ ಹೊಳೆಯ ಕಣಿವೆಯಲ್ಲಿ ಕೆಂಗೇರಿ ಇರುವುದು. ಕೆಂಪು ಮಣ್ಣು, ರಾಗಿಯ ಹೊಲ, ತಗ್ಗಿನಲ್ಲಿ ಕೆರೆ, ಕೆರೆಯ ಕೆಳಗೆ ತೋಟ; ಮೈದಾನ ಸೀಮೆಯ ಊರಿಗೆ ಬೇಕಾದುದೆಲ್ಲ ಇಲ್ಲಿದ್ದಿತು. ‘ಕೆಂ’ ಎಂಬುದಕ್ಕೆ ‘ಕೇರಿ’ ಸೇರಿದರೆ ಕಕಾರಕ್ಕೆ ಗಕಾರ ಬಂದು ಕೆಂಗೇರಿಯಾಗುವುದೆಂದು ವ್ಯಾಕರಣವನ್ನು ಬಲ್ಲವರು ಒಡನೆಯೇ ಗುರುತಿಸುವರು. ತೆಂಗಿನ ಕೇರಿಯೆಂಬುದೇ ಹೀಗಾಯಿತೆಂದು ಹೇಳುವವರೂ ಉಂಟು. ಎರಡರಲ್ಲಿ ಯಾವುದನ್ನು ಒಪ್ಪಿದರೂ ಹೆಸರಿನಲ್ಲಿ ಉಳಿದಿರುವುದು ಮಣ್ಣು ಮತ್ತು ಬೆಳೆಯ ನೆನಪೇ.

ಹೊಳೆಯಷ್ಟೇ ಮುಖ್ಯವಾದುದು ಹಾದಿ. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೂ ಮೈಸೂರಿಗೂ ಹೋಗುವ ಹೆದ್ದಾರಿ ಈ ಕಣಿವೆಯನ್ನೇ ಹಿಡಿದು ಸಾಗುವುದು. ಕಾಲ್ನಡಿಗೆಯವರಿಗೂ ಗಾಡಿಯವರಿಗೂ ನಗರವನ್ನು ಬಿಟ್ಟ ಮೇಲೆ ಇದು ಮೊದಲ ತಂಗುದಾಣಕ್ಕೆ ತಕ್ಕ ದೂರ. 1882ರಲ್ಲಿ ಮೈಸೂರನ್ನು ಮುಟ್ಟಿದ ರೈಲುಮಾರ್ಗವೂ ಇದೇ ಇಳಿಜಾರನ್ನು ಅನುಸರಿಸಿತು. ಊರುಗಳ ಇತಿಹಾಸವನ್ನು ಅರಸರ ಕಾಳಗಗಳಿಂದಲೇ ಅಳೆಯಬೇಕಾಗಿಲ್ಲ. ನೀರು ಹರಿಯುವ ದಾರಿ, ಎತ್ತು ನಡೆಯುವ ದಾರಿ, ಈ ಎರಡು ಕೂಡಿದೆಡೆಯಲ್ಲಿ ಸಂತೆ ನಿಲ್ಲುವುದು, ಊರು ಬೆಳೆಯುವುದು.

ಇನ್ನು ಜನದ ಮಾತು. ಮೈಸೂರು ಸಂಸ್ಥಾನದಲ್ಲಿ ಕ್ರಮವಾದ ಖಾನೇಷುಮಾರಿ ಮೊದಲು ನಡೆದುದು 1871ರಲ್ಲಿ. ಒಂದು ಊರಿನ ಜನಸಂಖ್ಯೆ ಏರುವುದಕ್ಕೆ ಮೂರು ಕಾರಣಗಳಿರಬಹುದು. ಸತ್ತವರಿಗಿಂತ ಹುಟ್ಟಿದವರು ಹೆಚ್ಚಿರಬಹುದು. ಹೊರಗಿನವರು ಬಂದು ನೆಲಸಿರಬಹುದು. ಅಥವಾ ಜನರು ಇದ್ದಲ್ಲಿಯೇ ಇದ್ದು, ಊರಿನ ಎಲ್ಲೆಯೇ ಸರಿದಿರಬಹುದು. ಬೆಂಗಳೂರಿನ ಸುತ್ತಣ ಊರುಗಳನ್ನು ಕುರಿತು ಮಾತನಾಡುವಾಗ ಈ ಮೂರನೆಯ ಕಾರಣವನ್ನು ಮರೆಯಬಾರದು.

ಕೆಂಗೇರಿಯಲ್ಲಿ ಎರಡನೆಯ ಕಾರಣ ಮೊದಲು ಕಾಣಿಸಿತು. ನಗರದಲ್ಲಿ ನಿವೇಶನ ದುರ್ಲಭವಾದಾಗ ಹಳೆಯ ಊರಿನ ಪಕ್ಕದಲ್ಲಿ ಉಪನಗರವೆಂಬ ಬಡಾವಣೆ ಎದ್ದಿತು. ನಗರದ ದಿಕ್ಕಿನಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿ ನೆಲೆಸಿತು. ಕಾರ್ಖಾನೆಯ ನೌಕರರು, ಉಪಾಧ್ಯಾಯರು, ಗುಮಾಸ್ತರು ಬಂದು ಸೇರಿದರು. 2001ರ ಜನಗಣತಿಯಲ್ಲಿ ಕೆಂಗೇರಿ ಪಟ್ಟಣದ ಜನಸಂಖ್ಯೆ 42,386. ಆ ವರ್ಷ ಬೆಂಗಳೂರು ಮಹಾನಗರಪಾಲಿಕೆಯದು 43,01,326. ಅಂದರೆ ನಗರದ ನೂರರಲ್ಲೊಂದು ಪಾಲಿನಷ್ಟು ಜನ. ಆದರೂ ತನ್ನದೇ ಪುರಸಭೆ, ತನ್ನದೇ ಎಲ್ಲೆ, ತನ್ನದೇ ಲೆಕ್ಕ.

2007ರಲ್ಲಿ ಮೂರನೆಯ ಕಾರಣ ಬಂದಿತು. ಏಳು ನಗರಸಭೆಗಳನ್ನೂ, ನೂರಕ್ಕೂ ಮಿಕ್ಕ ಹಳ್ಳಿಗಳನ್ನೂ, ಒಂದೇ ಒಂದು ಪುರಸಭೆಯನ್ನೂ ಸೇರಿಸಿ ಬೃಹತ್ ಬೆಂಗಳೂರು ಮಹಾನಗರಪಾಲಿಕೆಯನ್ನು ರಚಿಸಿದರು. ಆ ಒಂದು ಪುರಸಭೆಯೇ ಕೆಂಗೇರಿ. 226 ಚದರ ಕಿಲೋಮೀಟರಿದ್ದ ನಗರ 700ಕ್ಕೂ ಹೆಚ್ಚಾಯಿತು. 2011ರಲ್ಲಿ ಎಣಿಸಿದಾಗ ಪಾಲಿಕೆಯ ಜನಸಂಖ್ಯೆ 84,43,675. ಹತ್ತು ವರ್ಷದಲ್ಲಿ ನಗರ ಇಮ್ಮಡಿಯಾಯಿತೆಂದು ನಾವು ಬೆರಗಾಗುವೆವು; ಆ ಹೆಚ್ಚಳದಲ್ಲಿ ಒಂದು ದೊಡ್ಡ ಭಾಗ ಎಲ್ಲಿಂದಲೂ ಬಂದವರಲ್ಲ, ತಮ್ಮ ತಮ್ಮ ಮನೆಯಲ್ಲಿಯೇ ಇದ್ದವರು. ಕೆಂಗೇರಿ ಪಟ್ಟಣವೆಂಬ ಸಾಲು ಮಾತ್ರ ಆ ಪಟ್ಟಿಯಿಂದ ಮರೆಯಾಯಿತು. ಪಾಲಿಕೆಯ 198 ವಾರ್ಡುಗಳಲ್ಲಿ ಅದರ ಹೆಸರು ಉಳಿಯಿತು. ಆದರೆ ವಾರ್ಡಿನ ಎಲ್ಲೆ ಆಡಳಿತದ ಅನುಕೂಲಕ್ಕೆ ತಕ್ಕಂತೆ ಬದಲಾಗತಕ್ಕದ್ದು, ಊರಿನ ಎಲ್ಲೆಯಂತೆ ನಿಲ್ಲತಕ್ಕದ್ದಲ್ಲ. 2025ರಲ್ಲಿ ಆ ಪಾಲಿಕೆಯನ್ನೂ ಐದಾಗಿ ವಿಭಜಿಸಿದರು.

ಸೇರಿದುದರಿಂದ ಲಾಭವಾಗಲಿಲ್ಲವೆಂದು ಹೇಳಲಾಗದು. 2021ರ ಆಗಸ್ಟಿನಲ್ಲಿ ಮೆಟ್ರೋ ರೈಲು ಕೆಂಗೇರಿಗೆ ಬಂದಿತು. ಹಿಂದೆ ಗಾಡಿಯಲ್ಲಿ ಅರ್ಧ ದಿನ ಹಿಡಿಯುತ್ತಿದ್ದ ಹಾದಿ ಈಗ ಒಂದು ಗಂಟೆಯೊಳಗೆ ಸವೆಯುವುದು.

ಆದರೆ ನಗರವು ಹಾದಿಯಿಂದ ಕೊಟ್ಟುದನ್ನು ಹೊಳೆಯಿಂದ ಕಸಿದುಕೊಂಡಿದೆ. ವೃಷಭಾವತಿ ಮೊದಲು ಮಳೆಗಾಲದ ಹೊಳೆ. ಬೆಂಗಳೂರಿಗೆ 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಅರ್ಕಾವತಿಯ ನೀರು ಬಂದಿತು. 1974ರಿಂದ ಸುಮಾರು 100 ಕಿಲೋಮೀಟರು ದೂರದ ಕಾವೇರಿಯನ್ನು ಮೇಲೆತ್ತಿ ತಂದರು. ಮನೆಗೆ ಬಂದ ನೀರು ಮನೆಯಿಂದ ಹೊರಗೂ ಹೋಗಬೇಕಷ್ಟೆ. ದಿಣ್ಣೆಯ ಪಶ್ಚಿಮದವರು ಬಳಸಿ ಬಿಟ್ಟುದೆಲ್ಲವೂ ಇಳಿಜಾರಿನ ನಿಯಮದಂತೆ ಈ ಕಣಿವೆಗೇ ಇಳಿಯಿತು. ಹೀಗಾಗಿ ಬೇಸಗೆಯಲ್ಲಿ ಬತ್ತುತ್ತಿದ್ದ ಹೊಳೆ ಇಂದು ವರ್ಷವೆಲ್ಲ ಹರಿಯುತ್ತಿದೆ, ಮುಟ್ಟುವಂತಿಲ್ಲ, ಅಷ್ಟೆ. ಅದು ಕೆಂಗೇರಿಯನ್ನು ದಾಟಿ ಬೈರಮಂಗಲದ ಕೆರೆಗೆ, ಅಲ್ಲಿಂದ ಅರ್ಕಾವತಿಗೆ, ಕೊನೆಗೆ ಸಂಗಮದಲ್ಲಿ ಕಾವೇರಿಗೇ ಹೋಗಿ ಸೇರುವುದು. ಕೊಡ ತುಂಬಿ ತಂದುದನ್ನು ಕೊಳೆ ಮಾಡಿ ಹಿಂದಿರುಗಿಸುವ ಈ ವ್ಯವಹಾರದಲ್ಲಿ ಕೆಂಗೇರಿ ಕೊಟ್ಟವರ ಪಕ್ಷದಲ್ಲಿಯೂ ಇಲ್ಲ, ಕೊಂಡವರ ಪಕ್ಷದಲ್ಲಿಯೂ ಇರಲಿಲ್ಲ. ದಾರಿಯಲ್ಲಿದ್ದಿತು, ಅದೇ ಅದರ ತಪ್ಪು.

ಪ್ರತ್ಯೇಕವಾಗಿ ಎಣಿಸಲ್ಪಡುವ ಊರು ತನ್ನ ಕೆರೆಯೆಷ್ಟು, ಬಾವಿಯೆಷ್ಟು, ಮಕ್ಕಳೆಷ್ಟು ಎಂದು ಲೆಕ್ಕವಿಟ್ಟು ಕೇಳಬಲ್ಲುದು. ಲಕ್ಷಗಳ ಮೊತ್ತದಲ್ಲಿ ಕರಗಿದ ಮೇಲೆ ಕೇಳುವ ಬಾಯಿಗೆ ಹಿಡಿದು ತೋರಿಸಲು ಅಂಕಿಯೇ ಇಲ್ಲ. ಮುಂದಿನ ಜನಗಣತಿಯವರು ಮನೆ ಮನೆಗೆ ಬಂದಾಗ ಕೆಂಗೇರಿಯ ತಲೆಗಳನ್ನು ನಿಶ್ಚಯವಾಗಿಯೂ ಎಣಿಸುವರು. ಕೆಂಗೇರಿಯನ್ನು ಎಣಿಸುವರೇ ಎಂಬುದು ಬೇರೆ ಪ್ರಶ್ನೆ. ಹಿಂದಿನ ಕಾಲದವರು ತಮ್ಮ ಕೋಟೆಯ ಬಾಗಿಲಿಗೆ ಆಚೆಯ ಊರಿನ ಹೆಸರಿಟ್ಟು, ಅದು ಅಲ್ಲಿದೆಯೆಂಬುದನ್ನು ನಿತ್ಯವೂ ನೆನೆಯುತ್ತಿದ್ದರು. ಕೋಟೆಯಿಲ್ಲದ ನಾವು ಆ ನೆನಪನ್ನಾದರೂ ಉಳಿಸಿಕೊಂಡು, ನಮ್ಮ ಮನೆಯ ನೀರು ಯಾರ ಊರಿನ ಮುಂದೆ ಹರಿಯುವುದೆಂದು ಒಮ್ಮೆ ವಿಚಾರಿಸುವುದು ಒಳ್ಳೆಯದು.