ಚೀಟಿ, ಸೀಸೆ ಮತ್ತು ಎರಡು ನಿಮಿಷ

ಸರ್ಕಾರಿ ಆಸ್ಪತ್ರೆಗಳ ಹೊರರೋಗಿ ವಿಭಾಗದ (ಒಪಿಡಿ) ಅವಸರಕ್ಕೆ ನೂರೈವತ್ತು ವರ್ಷಕ್ಕೂ ಮೀರಿದ ವಯಸ್ಸಾಗಿದೆ. 1835ರಲ್ಲಿ ಕಲ್ಕತ್ತ ಮೆಡಿಕಲ್ ಕಾಲೇಜು ತೆರೆಯಿತು. ಅಲ್ಲಿ ಕಲಿತ ಸಬ್ ಅಸಿಸ್ಟೆಂಟ್ ಸರ್ಜನ್ನರು ಊರೂರಿನ ಡಿಸ್ಪೆನ್ಸರಿಗಳಿಗೆ ಹೋದರು. ಕನ್ನಡ ನಾಡಿನಲ್ಲಿ ಧರ್ಮಾಸ್ಪತ್ರೆ ಎನಿಸಿಕೊಂಡದ್ದು ಇಂಥ ಸಂಸ್ಥೆಯೇ. ಇವುಗಳ ವಾರ್ಷಿಕ ವರದಿಯಲ್ಲಿ ಎಷ್ಟು ಜನ ಬಂದು ಹೋದರೆಂಬ ಅಂಕಣಕ್ಕೆ ದೊಡ್ಡ ಬೆಲೆಯಿತ್ತು. ಒಬ್ಬೊಬ್ಬರಿಗೆ ಎಷ್ಟು ಹೊತ್ತು ಕೊಟ್ಟರೆಂಬುದನ್ನು ಬರೆದಿಡುವ ರೂಢಿ ಇರಲಿಲ್ಲ.

ಡಿಸ್ಪೆನ್ಸರಿಯ ಔಷಧ ಪದ್ಧತಿಯೂ ಅವಸರಕ್ಕೆ ಅನುಕೂಲವಾಗಿತ್ತು. ಜ್ವರದ್ದೊಂದು, ಕೆಮ್ಮಿನದೊಂದು, ಹೊಟ್ಟೆನೋವಿನದೊಂದು ಎಂದು ಮಿಕ್ಸ್ಚರುಗಳು ದೊಡ್ಡ ಜಾಡಿಗಳಲ್ಲಿ ಮೊದಲೇ ತಯಾರಿರುತ್ತಿದ್ದವು. ರೋಗಿ ಮನೆಯಿಂದ ತೊಳೆದು ತಂದ ಸೀಸೆಗೆ ಕಾಂಪೌಂಡರ್ ಅದನ್ನು ಸುರಿದು, ಕಚ್ಚು ಕಚ್ಚಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿಕೊಡುತ್ತಿದ್ದ. ಒಂದು ಕಚ್ಚಿಗೆ ಒಂದು ಹೊತ್ತಿನ ಔಷಧ. ಯಾವ ಜಾಡಿ ಎಂದು ತೀರ್ಮಾನಿಸುವುದಷ್ಟೇ ಕೆಲಸವಾದಾಗ ವೈದ್ಯರಿಗೆ ಒಂದು ನಿಮಿಷ ಸಾಕಾಗುತ್ತಿತ್ತು.

ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಲು 1943ರಲ್ಲಿ ನೇಮಕಗೊಂಡ ಸರ್ ಜೋಸೆಫ್ ಭೋರ್ ಸಮಿತಿ 1946ರಲ್ಲಿ ವರದಿ ಕೊಟ್ಟಿತು. ಆಗ ಬ್ರಿಟಿಷ್ ಇಂಡಿಯಾದಲ್ಲಿ ಸುಮಾರು 6,300 ಜನರಿಗೆ ಒಬ್ಬ ವೈದ್ಯ. ಅವರಲ್ಲೂ ಬಹುಪಾಲು ಪಟ್ಟಣಗಳಲ್ಲಿ. ತಕ್ಷಣದ ಕ್ರಮವಾಗಿ 40,000 ಜನರಿಗೊಂದು ಪ್ರಾಥಮಿಕ ಘಟಕ, ಅದಕ್ಕೆ ಇಬ್ಬರು ವೈದ್ಯರು ಎಂದು ಸಮಿತಿ ಸೂಚಿಸಿತು. 1952ರಿಂದ ಸಮುದಾಯ ಅಭಿವೃದ್ಧಿ ಯೋಜನೆಯಡಿ ಹುಟ್ಟಿದ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಇದಕ್ಕಿಂತ ಎಷ್ಟೋ ಹೆಚ್ಚು ಜನರಿದ್ದ ಬ್ಲಾಕುಗಳನ್ನು ನೋಡಿಕೊಳ್ಳಬೇಕಾಯಿತು. ಮುಂದೆ ಬಯಲು ಸೀಮೆಗೆ 30,000, ಗುಡ್ಡಗಾಡಿಗೆ 20,000 ಎಂಬ ಲೆಕ್ಕ ಬಂತು. ಬೆಳಗಿನ ನಾಲ್ಕು ತಾಸಿನ ಒಪಿಡಿಯಲ್ಲಿ ಒಬ್ಬ ವೈದ್ಯರ ಮುಂದೆ 120 ಜನ ಬಂದರೆ ತಲೆಗೆ ಎರಡೇ ನಿಮಿಷ. ಸಭೆ, ವರದಿ, ಮರಣೋತ್ತರ ಪರೀಕ್ಷೆಗಳ ಹೊತ್ತನ್ನು ಇದರಲ್ಲಿ ಇನ್ನೂ ಕಳೆದಿಲ್ಲ.

ವೈದ್ಯರ ಬೇಸರ ಇಲ್ಲಿಂದಲೇ ಶುರು. ಕಾಲೇಜಿನಲ್ಲಿ ಒಂದು ಕೇಸನ್ನು ಅರ್ಧ ಗಂಟೆ ವಿಚಾರಿಸಿ, ಮನೆತನದ ಕಾಯಿಲೆಗಳವರೆಗೂ ಬರೆದು ಒಪ್ಪಿಸಿದವರು ಕೆಲಸಕ್ಕೆ ಸೇರಿದ ಮೊದಲ ವಾರವೇ ಅದನ್ನೆಲ್ಲ ಮಡಿಚಿಡಬೇಕಾಗುತ್ತದೆ. ರೋಗಿಯ ಅಸಮಾಧಾನ ಬೇರೆ ಬಗೆಯದು. ಮೊದಲ ಬಸ್ಸು ಹಿಡಿದು, ಚೀಟಿ ಮಾಡಿಸಿ, ಬಾಗಿಲ ಬಳಿ ಎರಡು ತಾಸು ನಿಂತು ಒಳಗೆ ಹೋದವರು ‘ಮುಟ್ಟಿ ಸಹ ನೋಡಲಿಲ್ಲ’ ಎನ್ನುತ್ತ ಹೊರಬರುತ್ತಾರೆ. ವೈದ್ಯರ ಕೈಗುಣದಲ್ಲಿ ನಂಬಿಕೆಯಿಟ್ಟ ನಾಡಿನಲ್ಲಿ ಇದು ಸಣ್ಣ ದೂರಲ್ಲ. ‘ಒಂದು ಇಂಜೆಕ್ಷನ್ ಹಾಕಿಬಿಡಿ ಸಾರ್’ ಎಂಬ ಬೇಡಿಕೆಯ ಹಿಂದೆಯೂ, ಬಂದದ್ದಕ್ಕೆ ಏನಾದರೂ ಆಯಿತೆಂಬ ಸಮಾಧಾನದ ಆಸೆಯಿದೆ. ಬೇಡವೆಂದು ವಿವರಿಸಲು ಐದು ನಿಮಿಷ ಬೇಕು, ಚುಚ್ಚಲು ಅರ್ಧ ನಿಮಿಷ. ಹೀಗಾಗಿ ಬೇಡದ ಸೂಜಿಯೂ ಬಳಕೆಯಲ್ಲಿ ಉಳಿಯಿತು.

2017ರಲ್ಲಿ ಬಿಎಂಜೆ ಓಪನ್ ಪತ್ರಿಕೆ 67 ದೇಶಗಳ ಮಾಹಿತಿಯನ್ನು ಒಟ್ಟುಗೂಡಿಸಿದ ಅಧ್ಯಯನವೊಂದನ್ನು ಪ್ರಕಟಿಸಿತು. ಪ್ರಾಥಮಿಕ ಚಿಕಿತ್ಸೆಯ ಒಂದು ಭೇಟಿ ಸ್ವೀಡನ್ನಿನಲ್ಲಿ ಸರಾಸರಿ 22.5 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು, ಭಾರತದಲ್ಲಿ ಸುಮಾರು 2 ನಿಮಿಷ. ಅಷ್ಟರೊಳಗೆ ಮಾತು ಮುಗಿಯದೆ ಜಗಳ ಹತ್ತುವುದೂ ಉಂಟು. ಆದರೆ ವೈದ್ಯರ ಮೇಲಿನ ಹಲ್ಲೆಗೆ ಇದೊಂದೇ ಕಾರಣವೆನ್ನಲಾಗದು. ಅಂಥ ಹಲ್ಲೆಗಳನ್ನು ತಡೆಯಲು ಕರ್ನಾಟಕ 2009ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿತು.

2022ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರ ಮೊಬೈಲಿನಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಒಪಿಡಿ ಟೋಕನ್ ಪಡೆಯುವ ವ್ಯವಸ್ಥೆ ತಂದಿತು. ಇದರಿಂದ ಚೀಟಿ ಕೌಂಟರಿನ ಮುಂದಿನ ಸಾಲು ಕರಗುತ್ತದೆ. ಕರಗಿದ ಜನ ವೈದ್ಯರ ಕೋಣೆಯ ಬಾಗಿಲಿಗೆ ಇನ್ನಷ್ಟು ಬೇಗ ಬಂದು ಸೇರುತ್ತಾರೆ.