ಷೂ ಬಿಂಗ್ ಕೃತಿಗಳ ಕಾಲನಿರ್ದೇಶನ: ಮರದ ಮೊಳೆಯಿಂದ ತಂತ್ರಾಂಶದವರೆಗೆ

1. ವ್ಯಾಪ್ತಿ

ಚೀನಾದ ಕಲಾವಿದ ಷೂ ಬಿಂಗ್ (ಜನನ 1955) ಬೀಜಿಂಗ್‌ನ ಸೆಂಟ್ರಲ್ ಅಕಾಡೆಮಿ ಆಫ್ ಫೈನ್ ಆರ್ಟ್ಸ್‌ನ ಮುದ್ರಣಕಲಾ ವಿಭಾಗದಲ್ಲಿ ಕಲಿತವರು. 1981ರಲ್ಲಿ ಪದವಿ, 1987ರಲ್ಲಿ ಸ್ನಾತಕೋತ್ತರ ಪದವಿ. ಮರಗೆತ್ತನೆಯಿಂದ ಹೊರಟ ಅವರ ಕೆಲಸ ಗಣಕ ತಂತ್ರಾಂಶವನ್ನೂ ಕಣ್ಗಾವಲು ಕ್ಯಾಮೆರಾದ ದೃಶ್ಯಗಳನ್ನೂ ಒಳಗೊಂಡಿದೆ. ಈ ಟಿಪ್ಪಣಿ ಅವರ ಐದು ಕೃತಿಗಳ ಕಾಲನಿರ್ದೇಶನಕ್ಕೆ ಮಾತ್ರ ಸೀಮಿತ. ಅರ್ಥವಿವೇಚನೆ ಇದರ ಉದ್ದೇಶವಲ್ಲ.

2. 'ಪುನರಾವರ್ತನೆಯ ಐದು ಸರಣಿಗಳು' (1987)

ಕೆತ್ತುವ ಮೊದಲೇ ಹಲಗೆಗೆ ಮಸಿ ಹಚ್ಚಿ ಒತ್ತಿದರೆ ಕಾಗದ ಪೂರ್ತಿ ಕಪ್ಪು. ಸ್ವಲ್ಪ ಕೆತ್ತಿ ಮತ್ತೆ ಒತ್ತಿದಾಗ ಆಕೃತಿ ಮೂಡತೊಡಗುತ್ತದೆ. ಕೆತ್ತುತ್ತ ಹೋದಂತೆ ಚಿತ್ರ ತುಂಬಿಕೊಳ್ಳುತ್ತದೆ, ಇನ್ನೂ ಕೆತ್ತಿದರೆ ಸವೆದು ಮರೆಯಾಗುತ್ತದೆ. ಒಂದೇ ಹಲಗೆಯಿಂದ ತೆಗೆದ ಈ ಎಲ್ಲ ಅಚ್ಚುಗಳನ್ನು ಅವರು ಕ್ರಮವಾಗಿ ಜೋಡಿಸಿದ್ದಾರೆ. ಹಂತದ ಪ್ರತಿಗಳನ್ನು ಮುದ್ರಣ ಕಲಾವಿದರು ಸಾಮಾನ್ಯವಾಗಿ ಪರೀಕ್ಷೆಗೆಂದು ತೆಗೆದು ಬದಿಗಿಡುತ್ತಾರೆ. ಇಲ್ಲಿ ಅವೇ ಕೃತಿ. ಮುಂದಿನ ವಾದಕ್ಕೆ ಈ ಸಂಗತಿಯೇ ಆಧಾರ.

3. 'ಆಕಾಶದ ಪುಸ್ತಕ'

ಕಾಲದ ಗೊಂದಲ ಹೆಚ್ಚಾಗಿರುವುದು ಈ ಕೃತಿಯಲ್ಲಿ. ಚೀನೀ ಲಿಪಿಯ ಅಂಗಗಳನ್ನು ಬೇರೆ ಬೇರೆ ರೀತಿ ಕೂಡಿಸಿ, ಯಾರಿಗೂ ಓದಲಾಗದ ಅಕ್ಷರಗಳನ್ನು ರೂಪಿಸಿ, ಒಂದೊಂದನ್ನೂ ಮರದ ಬಿಡಿ ಮೊಳೆಯಾಗಿ ಕೆತ್ತಲಾಯಿತು. ಅಕ್ಷರದ ವಿನ್ಯಾಸ ಮಿಂಗ್ ಕಾಲದ ಮುದ್ರಿತ ಗ್ರಂಥಗಳದ್ದು. ಹೊಲಿಗೆ, ನೀಲಿ ರಕ್ಷಾಪುಟ ಎಲ್ಲವೂ ಹಳೆಯ ಗ್ರಂಥದ ಪದ್ಧತಿಯಲ್ಲಿವೆ.

ಕೃತಿಯ ಕಾಲವನ್ನು ಸಾಮಾನ್ಯವಾಗಿ 1987–1991 ಎಂದು ಕೊಡಲಾಗುತ್ತದೆ. ಕೆಲವು ಬರಹಗಳಲ್ಲಿ 1988 ಎಂದಷ್ಟೇ ಇದೆ. ಎರಡೂ ತಪ್ಪಲ್ಲ. ಕೆತ್ತನೆ 1987ರಲ್ಲಿ ಶುರುವಾಯಿತು. 1988ರ ಅಕ್ಟೋಬರ್‌ನಲ್ಲಿ ಬೀಜಿಂಗ್‌ನ ರಾಷ್ಟ್ರೀಯ ಕಲಾ ಗ್ಯಾಲರಿಯಲ್ಲಿ ಮೊದಲ ಪ್ರದರ್ಶನ ನಡೆಯಿತು; 1989ರ ಫೆಬ್ರವರಿಯಲ್ಲಿ ಅಲ್ಲಿಯೇ 'ಚೀನಾ/ಅವಾಂ-ಗಾರ್ದ್' ಪ್ರದರ್ಶನದಲ್ಲಿಯೂ ಇದನ್ನು ಇಡಲಾಯಿತು. ಆಗ ಕೆತ್ತನೆ ಮುಗಿದಿರಲಿಲ್ಲ. ನಾಲ್ಕು ಸಂಪುಟಗಳ, 604 ಪುಟಗಳ ಪೂರ್ಣ ಆವೃತ್ತಿ ಸಿದ್ಧವಾದದ್ದು 1991ರ ಹೊತ್ತಿಗೆ.

ಮೊಳೆಗಳ ಸಂಖ್ಯೆಯನ್ನೂ ಇದೇ ಎಚ್ಚರದಿಂದ ಓದಬೇಕು. ಈಗ ರೂಢಿಯಲ್ಲಿರುವ 'ಸುಮಾರು 4000' ಎಂಬ ಅಂಕಿ ಪೂರ್ಣ ಕೃತಿಗೆ ಸಲ್ಲುತ್ತದೆ. 1988ರ ಪ್ರದರ್ಶನದ ಹಾಳೆಗಳಿಗೆ ಅದನ್ನು ಅನ್ವಯಿಸುವುದು ಸರಿಯಲ್ಲ.

4. ಮಹಾಗೋಡೆಯ ಪಡಿಯಚ್ಚು

'ಗೋಡೆ ಬಡಿಯುವ ದೆವ್ವಗಳು' ಕೃತಿಯ ಕಾಲ 1990–1991. ಜಿನ್‌ಶಾನ್‌ಲಿಂಗ್‌ನಲ್ಲಿ ಗೋಡೆಯ ಪಡಿಯಚ್ಚು ತೆಗೆದದ್ದು 1990ರಲ್ಲಿ. ಅದೇ ವರ್ಷ ಕಲಾವಿದರು ಅಮೆರಿಕಕ್ಕೆ ಹೋದರು. 1991ರಲ್ಲಿ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಕೃತಿಯನ್ನು ಜೋಡಿಸಿ ಪ್ರದರ್ಶಿಸಲಾಯಿತು. ಕಾಗದ ಮತ್ತು ಮಸಿಯಿಂದ ಪಡಿಯಚ್ಚು ತೆಗೆಯುವುದು ಶಾಸನಗಳ ಕೆಲಸ ಮಾಡುವ ನಮ್ಮವರಿಗೂ ಪರಿಚಿತವೇ. ಅಚ್ಚು ತೆಗೆದ ದಿನ ಬೇರೆ, ಪಾಠ ಪ್ರಕಟವಾದ ದಿನ ಬೇರೆ ಎಂಬ ವಿವೇಕ ಅವರಲ್ಲಿದೆ. ಅದು ಇಲ್ಲಿಯೂ ಬೇಕು.

5. ಡಿಜಿಟಲ್ ಕೃತಿಗಳು

'ನೆಲದ ಪುಸ್ತಕ' 2003ರಲ್ಲಿ ಆರಂಭವಾಯಿತು. ಅದರ ಸಾಮಗ್ರಿ ವಿಮಾನ ನಿಲ್ದಾಣದ ಫಲಕಗಳಲ್ಲಿರುವಂಥ ಸಂಕೇತಚಿತ್ರಗಳು. 2007ರಲ್ಲಿ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಇದರ ತಂತ್ರಾಂಶ ರೂಪ ಪ್ರದರ್ಶನಗೊಂಡಿತು: ಕೀಲಿಮಣೆಯಲ್ಲಿ ಒತ್ತಿದ ಪದಗಳು ಪರದೆಯ ಮೇಲೆ ಸಂಕೇತಗಳಾಗುತ್ತವೆ. ನೌಕರನೊಬ್ಬನ ಒಂದು ದಿನದ ಬದುಕನ್ನು ಸಂಕೇತಗಳಲ್ಲೇ ಹೇಳುವ ಮುದ್ರಿತ ಪುಸ್ತಕದ ಎಂ.ಐ.ಟಿ. ಪ್ರೆಸ್ ಆವೃತ್ತಿ 2014ರದ್ದು. ಹಾಗಾಗಿ ಒಂದೇ ಹೆಸರಿನಡಿ ಕನಿಷ್ಠ ಎರಡು ವಸ್ತುಗಳಿವೆ.

'ಡ್ರ್ಯಾಗನ್‌ಫ್ಲೈ ಐಸ್' (2017, 81 ನಿಮಿಷ) ಚಲನಚಿತ್ರಕ್ಕೆ ನಟರೂ ಇಲ್ಲ, ಛಾಯಾಗ್ರಾಹಕರೂ ಇಲ್ಲ; ಅದು ಪೂರ್ತಿಯಾಗಿ ಕಣ್ಗಾವಲು ದೃಶ್ಯಗಳ ಜೋಡಣೆ. 2013ರಲ್ಲಿ ಆರಂಭಿಸಿ ನಿಲ್ಲಿಸಿದ ಈ ಕೆಲಸ, ಅಂತರ್ಜಾಲದಲ್ಲಿ ಇಂಥ ದೃಶ್ಯಗಳು ಹೇರಳವಾಗಿ ಸಿಗತೊಡಗಿದ ಮೇಲೆ 2015ರಲ್ಲಿ ಮುಂದುವರಿಯಿತು. ಸಿದ್ಧ ಬಿಡಿಗಳನ್ನು ಸಂಗ್ರಹಿಸಿ ಜೋಡಿಸುವ ಈ ಕ್ರಮ ಮೊಳೆ ಜೋಡಿಸುವ ಕೆಲಸಕ್ಕೆ ಹತ್ತಿರ. ಆದರೂ ಒಂದರಿಂದ ಇನ್ನೊಂದು ಹುಟ್ಟಿತು ಎನ್ನಲು ಈ ಸಾಮ್ಯವೊಂದೇ ಸಾಲದು.

6. ಸೂಚನೆ

ಈ ಕೃತಿಗಳಿಗೆ ಒಂದೇ ಇಸವಿ ಕೊಡುವ ಬದಲು, ಮುದ್ರಣಕಲೆಯ ಪಟ್ಟಿಗಳಲ್ಲಿರುವಂತೆ ಹಂತಗಳನ್ನು ಪ್ರತ್ಯೇಕವಾಗಿ ನಮೂದಿಸುವುದು ಲೇಸು: ಆರಂಭ, ಮೊದಲ ಪ್ರದರ್ಶನ, ಪೂರ್ಣ ಆವೃತ್ತಿ. ತಂತ್ರಾಂಶ ಕೃತಿಗಳಿಗೆ ಪ್ರದರ್ಶಿತ ರೂಪದ ಇಸವಿಯನ್ನೂ ಸೇರಿಸಬೇಕು. ಕನ್ನಡದಲ್ಲಿ ಸಮಕಾಲೀನ ಕಲೆಯ ಕೋಶ, ಪಟ್ಟಿಗಳನ್ನು ಸಿದ್ಧಪಡಿಸುವವರು ಇದನ್ನು ಪರಿಶೀಲಿಸಬೇಕೆಂದು ಕೋರಿಕೆ.