ಸ್ವತಂತ್ರ ತಂತ್ರಾಂಶ ಉದ್ಯಮಿ

ಕಂಪನಿಯ ನೌಕರಿಗೆ ಸೇರದೆ, ತಂತ್ರಾಂಶವನ್ನು ತಾವೇ ರೂಪಿಸಿ, ಮಾರಿ, ನಿರ್ವಹಿಸುವ ವೃತ್ತಿಪರರು. ಕೋಡ್ ಬರೆಯುವುದು ಇವರ ದಿನದ ಒಂದು ಪಾಲು ಮಾತ್ರ. ಗ್ರಾಹಕರ ಅಗತ್ಯ ಅರಿಯುವುದು, ದರ ತಿಳಿಸುವುದು, ದೋಷ ತಿದ್ದುವುದು, ಬ್ಯಾಕಪ್ ಇಡುವುದು, ಬಿಲ್ ಕಳುಹಿಸಿ ಬಾಕಿ ವಸೂಲು ಮಾಡುವುದು ಉಳಿದ ಹೊತ್ತನ್ನು ತುಂಬುತ್ತವೆ.

ಕನ್ನಡದ ಪ್ರಮುಖ ನಿದರ್ಶನ ಶೇಷಾದ್ರಿವಾಸು ಚಂದ್ರಶೇಖರನ್ ರೂಪಿಸಿದ ‘ಬರಹ’. 1998ರಲ್ಲಿ ಹೊರಬಂದ ಈ ತಂತ್ರಾಂಶದಿಂದ ಇಂಗ್ಲಿಷ್ ಕೀಲಿಮಣೆಯಲ್ಲೇ ಉಚ್ಚಾರಣೆಗೆ ತಕ್ಕಂತೆ ಟೈಪಿಸಿ ಕನ್ನಡ ಮೂಡಿಸುವುದು ಸಾಧ್ಯವಾಯಿತು. ಒಬ್ಬ ವ್ಯಕ್ತಿಯ ಶ್ರಮ ಇಡೀ ಭಾಷಾಸಮುದಾಯಕ್ಕೆ ಆಸರೆಯಾಗಬಲ್ಲದೆಂಬುದಕ್ಕೆ ಇದು ಅಮೂಲ್ಯ ಸಾಕ್ಷಿ. ಮೊದಲು ಉಚಿತವಾಗಿದ್ದ ‘ಬರಹ’ಕ್ಕೆ ಮುಂದೆ ಬೆಲೆ ನಿಗದಿಯಾಯಿತು.

ಇಂಥ ಉದ್ಯಮಿಗಳಿಗೆ ತೆರಿಗೆ ನಿಯಮಗಳೂ ಅನ್ವಯಿಸುತ್ತವೆ. ಭಾರತದಲ್ಲಿ 2017ರ ಜುಲೈ 1ರಿಂದ ಜಾರಿಯಾದ ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿಎಸ್‌ಟಿಯಡಿ, ಕರ್ನಾಟಕದ ಸೇವಾದಾರರ ವಾರ್ಷಿಕ ವಹಿವಾಟು ಸಾಮಾನ್ಯವಾಗಿ 20 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಕಡ್ಡಾಯ. ತಂತ್ರಾಂಶ ಸೇವೆಯ ತೆರಿಗೆ ಶೇ. 18, ರಫ್ತಿಗೆ ಶೂನ್ಯ ದರ. 2020ರ ಜುಲೈ 1ರಿಂದ ಕಿರು ಉದ್ಯಮಗಳು ‘ಉದ್ಯಮ್’ ಜಾಲತಾಣದಲ್ಲಿ ಶುಲ್ಕವಿಲ್ಲದೆ ನೋಂದಾಯಿಸಿಕೊಳ್ಳಬಹುದು. ಬೀದರ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರದಂಥ ಊರಿನಿಂದಲೂ ಈ ವೃತ್ತಿ ನಡೆಸಲು ಕಾನೂನಿನ ಅಡ್ಡಿಯಿಲ್ಲ. ಸ್ಥಿರ ವಿದ್ಯುತ್ತು, ಇಂಟರ್‌ನೆಟ್ ಅದರ ಮೂಲ ಅಗತ್ಯಗಳು.